ಮನೆ ಬೆಚ್ಚಗಿಡಲು ಸಹಾಯ ಕೇಳಿದರೆ ವೀಸಾಕ್ಕೆ ತೊಂದರೆಯೇ?

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು. ನನ್ನ ಗಂಡ ಇಂಗ್ಲೆಂಡಿನ ಲೆಸ್ಟರಿನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಾರೆ. 2023ರಲ್ಲಿ ಹೆಲ್ತ್ ಅಂಡ್ ಕೇರ್ ವೀಸಾದ ಮೇಲೆ ಬಂದೆವು. ಇಲ್ಲೇ ಹುಟ್ಟಿದ ಹತ್ತು ತಿಂಗಳ ಮಗುವಿದೆ. ಮೇ ತಿಂಗಳಲ್ಲಿ ಈಗಿನ ಬಾಡಿಗೆ ಮನೆಗೆ ಬಂದೆವು. ಗ್ಯಾಸಿಗೂ ಕರೆಂಟಿಗೂ ಮೊದಲೇ ಹಣ ತುಂಬುವ ಪ್ರಿಪೇಮೆಂಟ್ ಮೀಟರ್. ಅಡುಗೆ ಒಲೆ, ಸ್ನಾನದ ಶವರ್ ಎರಡೂ ಕರೆಂಟಿನವು. ಹಾಗಾಗಿ ಬೇಸಿಗೆಯಲ್ಲಿ ಗ್ಯಾಸ್ ಬೇಕಾಗಲಿಲ್ಲ, ಹಣವನ್ನೂ ಹಾಕಲಿಲ್ಲ. ಅಕ್ಟೋಬರಿನಲ್ಲಿ ಚಳಿ ಶುರುವಾದಾಗ ಗ್ಯಾಸ್ ಕಾರ್ಡಿಗೆ 20 ಪೌಂಡ್ ಹಾಕಿದೆ. ಮೀಟರಿನಲ್ಲಿ ಏನೂ ಉಳಿಯಲಿಲ್ಲ. ಮತ್ತೆ ಹಾಕಿದೆ, ಮತ್ತೆ ಅದೇ ಕಥೆ. ಈಗ ಗ್ಯಾಸಿನ ಆಸೆ ಬಿಟ್ಟು ಮಲಗುವ ಕೋಣೆಯಲ್ಲಿ ಒಂದು ಫ್ಯಾನ್ ಹೀಟರ್ ಇಟ್ಟುಕೊಂಡಿದ್ದೇವೆ. ಕರೆಂಟಿನ ಹಣವೂ ನೀರಿನಂತೆ ಹೋಗುತ್ತಿದೆ. ಬೀರುವಿನ ಹಿಂದಿನ ಗೋಡೆ ಕಪ್ಪಾಗಿದೆ, ಮಗುವಿಗೆ ಕೆಮ್ಮು ನಿಲ್ಲುತ್ತಿಲ್ಲ. ಮಾಲೀಕರಿಗೆ ಹೇಳಿದರೆ ‘ಕಿಟಕಿ ತೆಗೆದಿಡಿ’ ಎನ್ನುತ್ತಾರೆ. ಊರಿನಲ್ಲಿ ಅತ್ತೆಯ ಮನೆಗೆ ಗೃಹಜ್ಯೋತಿ ಇದೆ. ಇಲ್ಲಿ ಅಂಥದ್ದೇನಾದರೂ ಉಂಟೇ ಎಂದು ಪರಿಚಯದ ಕನ್ನಡಿಗರನ್ನು ಕೇಳಿದೆ. ‘ಸಹಾಯ ಕೇಳಿದರೆ ವೀಸಾ ರದ್ದಾಗುತ್ತದೆ, ಮುಂದೆ ಐಎಲ್‌ಆರ್ (ಇಲ್ಲೇ ಶಾಶ್ವತವಾಗಿ ನೆಲೆಸುವ ಅನುಮತಿ) ಸಿಗುವುದಿಲ್ಲ, ಸುಮ್ಮನಿರಿ’ ಎಂದರು. ಇದು ನಿಜವೇ? ನಾವು ಏನು ಮಾಡಬೇಕು?

ಉತ್ತರ: ನಾಳೆ ಬೆಳಿಗ್ಗೆಯೇ ನಿಮ್ಮ ಗ್ಯಾಸ್ ಕಂಪನಿಗೆ ಫೋನ್ ಮಾಡಿ. ಅದರಿಂದ ವೀಸಾಕ್ಕೆ ಯಾವ ತೊಂದರೆಯೂ ಇಲ್ಲ. ನೀವು ಅಲ್ಲಿ ಕೇಳುವುದು ಸರ್ಕಾರದ ದುಡ್ಡನ್ನಲ್ಲ. ಗ್ರಾಹಕರಾಗಿ ನಿಮಗೆ ಸಲ್ಲಬೇಕಾದುದನ್ನು ಕೇಳುತ್ತೀರಿ. ನಿಮ್ಮ ಪತ್ರ ಓದಿದ ಮೇಲೆ ನನಗೆ ಇನ್ನೊಂದು ಅನುಮಾನವೂ ಇದೆ: ನೀವು ಹಾಕಿದ ಹಣದಲ್ಲಿ ಒಂದು ಪಾಲು ನಿಮಗಿಂತ ಮೊದಲು ಆ ಮನೆಯಲ್ಲಿದ್ದವರ ಸಾಲಕ್ಕೆ ಹೋಗುತ್ತಿರಬಹುದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ವೀಸಾದ ಭಯವನ್ನು ಬಿಡಿಸೋಣ, ಏಕೆಂದರೆ ನಿಮ್ಮ ಕೈ ಕಟ್ಟಿಹಾಕಿರುವುದು ಅದೇ.

ನಿಮ್ಮ ವೀಸಾಕ್ಕೆ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’, ಅಂದರೆ ಸರ್ಕಾರದ ನಿಧಿಯ ನೆರವು ಪಡೆಯುವಂತಿಲ್ಲ, ಎಂಬ ಷರತ್ತು ಇದೆ. ನಿಮ್ಮ ಪರಿಚಯದವರು ಹೇಳಿದ್ದರ ಮೂಲ ಇದು. ಷರತ್ತು ನಿಜ, ಅದನ್ನು ಮೀರಿದರೆ ತೊಂದರೆಯಾಗುವುದೂ ನಿಜ. ಆದರೆ ಈ ‘ಪಬ್ಲಿಕ್ ಫಂಡ್ಸ್’ ಎಂದರೆ ಸಹಾಯ ಎನ್ನುವ ಹೆಸರಿನ ಎಲ್ಲವೂ ಅಲ್ಲ. ಬ್ರಿಟನ್ನಿನ ವಲಸೆ ನಿಯಮಗಳಲ್ಲಿ ಅದಕ್ಕೊಂದು ಪಟ್ಟಿಯಿದೆ, ಪ್ರತಿಯೊಂದನ್ನೂ ಹೆಸರಿಸಿ ಬರೆದಿದ್ದಾರೆ. ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಹೌಸಿಂಗ್ ಬೆನಿಫಿಟ್, ಪೆನ್ಷನ್ ಕ್ರೆಡಿಟ್, ಕಡಿಮೆ ಆದಾಯದವರಿಗೆ ಕೌನ್ಸಿಲ್ (ಸ್ಥಳೀಯ ಆಡಳಿತ) ತೆರಿಗೆಯಲ್ಲಿ ಕೊಡುವ ಕಡಿತ, ಕಷ್ಟದಲ್ಲಿದ್ದವರಿಗೆ ಕೌನ್ಸಿಲ್ ತನ್ನ ಕಲ್ಯಾಣ ನಿಧಿಯಿಂದ ಕೊಡುವ ನೆರವು ಇವೆಲ್ಲ ಆ ಪಟ್ಟಿಯಲ್ಲಿವೆ. ಇವುಗಳಿಗೆ ನೀವು ಅರ್ಜಿ ಹಾಕಬಾರದು. ಮಗು ಇಲ್ಲೇ ಹುಟ್ಟಿದೆಯಲ್ಲ ಎಂದು ಚೈಲ್ಡ್ ಬೆನಿಫಿಟ್‌ಗೆ ಅರ್ಜಿ ಹಾಕಿ ಸಿಕ್ಕಿಕೊಂಡವರಿದ್ದಾರೆ. ಆ ಹಣ ತೆಗೆದುಕೊಳ್ಳುವವರು ತಾಯಿತಂದೆ, ಹಾಗಾಗಿ ಷರತ್ತು ಅವರ ಮೇಲೆಯೇ ಬೀಳುತ್ತದೆ.

ಪಟ್ಟಿಯ ಹೊರಗಿರುವುದನ್ನು ನೋಡಿ. ಗ್ಯಾಸ್, ಕರೆಂಟ್ ಕಂಪನಿಗಳು ತಮ್ಮ ಗ್ರಾಹಕರಿಗೆ ಕೊಡಬೇಕಾದ ತುರ್ತು ಕ್ರೆಡಿಟ್, ಸಾಲ ತೀರಿಸಲು ಕಂತು, ಕಂಪನಿಗಳ ಕಷ್ಟಪರಿಹಾರ ನಿಧಿ, ದತ್ತಿ ಸಂಸ್ಥೆಗಳು ಕೊಡುವ ಗ್ಯಾಸ್ ವೋಚರ್, ಫುಡ್ ಬ್ಯಾಂಕಿನ ದಿನಸಿ, ಮನೆಯ ತೇವದ ಬಗ್ಗೆ ಕೌನ್ಸಿಲ್ ನಡೆಸುವ ತಪಾಸಣೆ, ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ವೈದ್ಯರು. ಇವುಗಳಲ್ಲಿ ಒಂದೂ ಪಬ್ಲಿಕ್ ಫಂಡ್ ಅಲ್ಲ. ಐಎಲ್‌ಆರ್ ಅರ್ಜಿಯಲ್ಲಿ ಇವುಗಳನ್ನು ನಿಮ್ಮ ವಿರುದ್ಧ ಎತ್ತಿ ಹಿಡಿಯುವಂತಿಲ್ಲ. ಭಯದಿಂದ ಸುಮ್ಮನಿದ್ದು ಪುಟ್ಟ ಮಕ್ಕಳನ್ನು ತಣ್ಣನೆಯ ಮನೆಯಲ್ಲಿ ಮಲಗಿಸುತ್ತಿರುವ ನಮ್ಮವರನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ. ಮುಚ್ಚಿರುವುದು ಒಂದು ಬಾಗಿಲು, ಉಳಿದವು ತೆರೆದೇ ಇವೆ.

ಗೃಹಜ್ಯೋತಿಯ ಬಗ್ಗೆ ಕೇಳಿದ್ದೀರಿ. ಇಷ್ಟು ಯೂನಿಟ್‌ವರೆಗೆ ಬಿಲ್ಲೇ ಇಲ್ಲ ಎನ್ನುವಂಥ ಯೋಜನೆ ಇಲ್ಲಿಲ್ಲ. ಇರುವುದು ದರದ ಮಿತಿ. ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ಮೂರು ತಿಂಗಳಿಗೊಮ್ಮೆ ಗ್ಯಾಸ್ ಮತ್ತು ಕರೆಂಟಿನ ಒಂದು ಯೂನಿಟ್‌ಗೆ ಹೆಚ್ಚೆಂದರೆ ಎಷ್ಟು, ದಿನದ ಸ್ಟ್ಯಾಂಡಿಂಗ್ ಚಾರ್ಜ್ (ಬಳಸದಿದ್ದರೂ ಕಟ್ಟಬೇಕಾದ ಶುಲ್ಕ) ಹೆಚ್ಚೆಂದರೆ ಎಷ್ಟು ಎಂದು ಗೊತ್ತುಮಾಡುತ್ತದೆ. 2019ರ ಜನವರಿಯಿಂದ ಈ ದರದ ಮಿತಿ ಇದೆ. ಪತ್ರಿಕೆಗಳಲ್ಲಿ ಬರುವ ವರ್ಷಕ್ಕೆ ಇಷ್ಟು ಸಾವಿರ ಪೌಂಡ್ ಎಂಬ ಲೆಕ್ಕ ವರ್ಷಕ್ಕೆ 2,700 ಯೂನಿಟ್ ಕರೆಂಟ್, 11,500 ಯೂನಿಟ್ ಗ್ಯಾಸ್ ಬಳಸುವ ಮನೆಯದು. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚು ಕಟ್ಟಬೇಕು. ಒಟ್ಟು ಬಿಲ್ಲಿಗೆ ಮಿತಿ ಇಲ್ಲ. ಪ್ರಿಪೇಮೆಂಟ್ ಮೀಟರಿನವರಿಗೆ ದರ ಜಾಸ್ತಿ ಎಂಬ ಮಾತು ಹಿಂದೆ ನಿಜವಾಗಿತ್ತು. 2024ರ ಏಪ್ರಿಲ್‌ನಿಂದ ಆ ವ್ಯತ್ಯಾಸವನ್ನು ಸರಿಮಾಡಿದ್ದಾರೆ. ಹಾಗಾಗಿ ನಿಮ್ಮ ಹಣ ಹೋಗುತ್ತಿರುವುದು ದರದಿಂದಲ್ಲ.

ಹಾಗಾದರೆ ಎಲ್ಲಿ ಹೋಗುತ್ತಿದೆ? ಎರಡು ಕಡೆ.

ಒಂದು, ಸ್ಟ್ಯಾಂಡಿಂಗ್ ಚಾರ್ಜ್. ಗ್ಯಾಸನ್ನು ಒಂದು ತೊಟ್ಟೂ ಬಳಸದಿದ್ದರೂ ದಿನಕ್ಕೆ ಸುಮಾರು 30 ಪೆನ್ಸಿನಷ್ಟು ಮೀಟರಿನಲ್ಲಿ ಬೀಳುತ್ತಲೇ ಇರುತ್ತದೆ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಸುಮಾರು 150 ದಿನ ಎಂದು ಹಿಡಿಯಿರಿ, 45 ಪೌಂಡ್ ಆಯಿತು. ನೀವು 20 ಪೌಂಡ್ ಹಾಕಿದ ಕೂಡಲೇ ಮೀಟರ್ ಮೊದಲು ಈ ಬಾಕಿಯನ್ನು ಕತ್ತರಿಸಿಕೊಂಡಿದೆ. ಇದನ್ನು ಯಾರೂ ಹೊಸಬರಿಗೆ ಹೇಳುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಗ್ಯಾಸ್ ಬೇಡದಿದ್ದರೂ ವಾರಕ್ಕೆ ಎರಡೂವರೆ ಪೌಂಡಿನಷ್ಟು ಹಾಕುತ್ತಿರಿ. ಚಳಿ ಬಂದ ದಿನ ಹಾಕಿದ ಹಣ ಅಂದೇ ಕೆಲಸಕ್ಕೆ ಬರುತ್ತದೆ.

ಎರಡನೆಯದೇ ನಾನು ಮೊದಲು ಹೇಳಿದ ಅನುಮಾನ. ಪ್ರಿಪೇಮೆಂಟ್ ಮೀಟರಿನೊಳಗೆ ಸಾಲವನ್ನೂ ತುಂಬಿಡಬಹುದು. ಹಳೆಯ ಬಾಡಿಗೆದಾರರು ಬಾಕಿ ಉಳಿಸಿ ಹೋಗಿದ್ದರೆ ಆ ಮೀಟರ್ ವಾರವಾರವೂ ಒಂದಿಷ್ಟು ಮೊತ್ತವನ್ನು ಕತ್ತರಿಸುತ್ತಲೇ ಇರುತ್ತದೆ. ಮನೆಯಲ್ಲಿ ಜನ ಬದಲಾಗಿದ್ದು ಅದಕ್ಕೆ ತಿಳಿಯದು. ಮನೆಗೆ ಬಂದಾಗ ನೀವು ಕಂಪನಿಗೆ ತಿಳಿಸಿದ್ದಿರಾ? ಹಳೆಯ ಕಾರ್ಡನ್ನೇ ಬಳಸುತ್ತಿದ್ದರೆ ಬಹುಶಃ ಇಲ್ಲ. ಮೀಟರಿನ ಬಟನ್ ಒತ್ತುತ್ತಾ ಹೋದರೆ ಒಂದರ ನಂತರ ಒಂದು ಪರದೆ ಬರುತ್ತದೆ. ಅವುಗಳಲ್ಲಿ ಬಾಕಿ ಸಾಲ ಎಷ್ಟು, ವಾರಕ್ಕೆ ಎಷ್ಟು ಕಡಿತ ಎಂಬುದೂ ಇರುತ್ತದೆ. ಪ್ರತಿಯೊಂದು ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಬಾಡಿಗೆ ಕರಾರಿನಲ್ಲಿ ನೀವು ಮನೆಗೆ ಬಂದ ದಿನಾಂಕ ಇದೆ. ಅದನ್ನು ಕಳುಹಿಸಿ ‘ಈ ತಾರೀಕಿಗಿಂತ ಹಿಂದಿನ ಸಾಲ ನಮ್ಮದಲ್ಲ, ಮೀಟರಿನಿಂದ ತೆಗೆಯಿರಿ, ಇದುವರೆಗೆ ಕತ್ತರಿಸಿದ್ದನ್ನು ವಾಪಸ್ ಕೊಡಿ’ ಎಂದು ಕೇಳಿ. ಬೇರೆಯವರ ಸಾಲವನ್ನು ನೀವು ತೀರಿಸಬೇಕಾಗಿಲ್ಲ. ಹೊಸ ಕಾರ್ಡ್ ಕೊಡುವಂತೆಯೂ ಹೇಳಿ. ಕರೆಂಟಿನ ಕಂಪನಿ ಬೇರೆಯಾಗಿದ್ದರೆ ಅವರೊಂದಿಗೂ ಇದೇ ಮಾತು.

ಅದೇ ಫೋನಿನಲ್ಲಿ ಇನ್ನೂ ಮೂರು ಸಂಗತಿಗಳನ್ನು ಮಾತನಾಡಿ.

ಮನೆಯಲ್ಲಿ ಒಂದು ವರ್ಷದೊಳಗಿನ ಮಗುವಿದೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ಐದು ವರ್ಷದೊಳಗಿನ ಮಕ್ಕಳಿರುವ ಮನೆ ಪ್ರಯಾರಿಟಿ ಸರ್ವೀಸಸ್ ರಿಜಿಸ್ಟರ್ ಎಂಬ ಪಟ್ಟಿಗೆ ಸೇರಬಹುದು. ಅದಕ್ಕೆ ಆದಾಯವನ್ನೂ ಕೇಳುವುದಿಲ್ಲ, ವೀಸಾವನ್ನೂ ಕೇಳುವುದಿಲ್ಲ, ಹಣವೂ ಇಲ್ಲ. ಸರಬರಾಜು ನಿಂತಾಗ ಈ ಮನೆಗಳ ಬಗ್ಗೆ ಕಂಪನಿ ಮೊದಲು ಗಮನ ಕೊಡಬೇಕು.

ಮೀಟರಿನಲ್ಲಿ ಹಣ ಮುಗಿದು, ತುಂಬಲು ಕೈಯಲ್ಲಿ ಇಲ್ಲದಿದ್ದರೆ ಏನು ಮಾಡುವುದು ಎಂದು ಕೇಳಿ. ಹಣ ಮುಗಿದಾಗ ಮೀಟರಿನಲ್ಲಿ ಎಲ್ಲರಿಗೂ ಸಿಗುವ ಮುಂಗಡವಾದ ಎಮರ್ಜೆನ್ಸಿ ಕ್ರೆಡಿಟ್ ಸಣ್ಣ ಮೊತ್ತ, ಅದು ನಿಮಗೆ ಗೊತ್ತೇ ಇರುತ್ತದೆ. ರಾತ್ರಿ, ವಾರಾಂತ್ಯ, ರಜಾದಿನಗಳಲ್ಲಿ ಹಣ ಮುಗಿದರೂ ಕಡಿತವಾಗದಂತೆ ಬೇರೊಂದು ಏರ್ಪಾಡು ಇದೆ. ಇವೆರಡರ ಮೇಲೆ, ಪುಟ್ಟ ಮಕ್ಕಳು, ರೋಗಿಗಳು, ವೃದ್ಧರು ಇರುವ ಮನೆಗಳಿಗೆ ‘ಅಡಿಷನಲ್ ಸಪೋರ್ಟ್ ಕ್ರೆಡಿಟ್’ ಎಂಬುದಿದೆ. ಈ ಹೆಸರನ್ನೇ ಹೇಳಿ ಕೇಳಿ. ಫೋನ್ ಎತ್ತಿದವರು ತಾವಾಗಿ ಹೇಳುವುದು ಅಪರೂಪ. ಇದು ದಾನವಲ್ಲ, ಆಮೇಲೆ ತೀರಿಸಬೇಕಾದ ಮುಂಗಡ. ಆದರೆ ಆ ರಾತ್ರಿ ಮನೆ ಬಿಸಿಮಾಡುವ ಗ್ಯಾಸ್ ಬಾಯ್ಲರ್ ಉರಿಯುತ್ತದೆ, ತೀರಿಸುವ ಕಂತನ್ನು ನಿಮ್ಮ ಶಕ್ತಿಗೆ ತಕ್ಕಂತೆ ಗೊತ್ತುಮಾಡಿಸಿಕೊಳ್ಳಬಹುದು.

ಸಾಲದಲ್ಲಿ ನಿಮ್ಮದೇ ಆದ ಪಾಲು ಇದ್ದರೆ ವಾರದ ಕಡಿತವನ್ನು ಇಳಿಸಲು ಕೇಳಿ. ಆಫ್‌ಜೆಮ್ ನಿಯಮದಂತೆ ಕಂಪನಿಯು ಗ್ರಾಹಕನ ಕೈಲಾಗುವಷ್ಟನ್ನೇ ಕಂತಾಗಿ ನಿಗದಿಪಡಿಸಬೇಕು. ಅದಕ್ಕೆ ಫೋನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಗಂಡನ ಕೈಗೆ ಬರುವ ಸಂಬಳ, ಬಾಡಿಗೆ, ಕೌನ್ಸಿಲ್ ತೆರಿಗೆ, ಬಸ್ಸು, ದಿನಸಿ, ಮಗುವಿನ ಹಾಲು, ವೀಸಾ ಶುಲ್ಕಕ್ಕೆಂದು ಎತ್ತಿಡುವ ಹಣ, ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ವಾರಕ್ಕೆ 3 ಪೌಂಡ್ ಆಗುತ್ತದೆ ಎಂದರೆ 3 ಎಂದೇ ಹೇಳಿ. ಮುಜುಗರಕ್ಕೆ 10 ಎಂದು ಒಪ್ಪಿಕೊಂಡು ಮುಂದಿನ ವಾರ ಮತ್ತೆ ಕತ್ತಲೆಯಲ್ಲಿ ಕೂರುವುದು ಬೇಡ. ನಮ್ಮವರು ಸಾಲ ಎಂದರೆ ಮರ್ಯಾದೆಯ ಪ್ರಶ್ನೆ ಎಂದುಕೊಂಡು ಆಗದ ಕಂತನ್ನು ಒಪ್ಪಿಬಿಡುತ್ತಾರೆ; ದಯವಿಟ್ಟು ಹಾಗೆ ಮಾಡಬೇಡಿ. ಇಂಗ್ಲಿಷಿನಲ್ಲಿ ಇಷ್ಟನ್ನೆಲ್ಲ ಮಾತನಾಡುವುದು ಕಷ್ಟವಾದರೆ ಇಂಟರ್‌ಪ್ರಿಟರ್ ಬೇಕೆಂದು ಕೇಳಿ, ಇಲ್ಲವೇ ಗಂಡ ಮನೆಯಲ್ಲಿರುವ ದಿನ ಸ್ಪೀಕರ್ ಹಾಕಿಕೊಂಡು ಇಬ್ಬರೂ ಕುಳಿತು ಮಾತನಾಡಿ. ಯಾರೊಂದಿಗೆ ಮಾತನಾಡಿದಿರಿ, ಯಾವ ದಿನ, ಏನು ಒಪ್ಪಿದರು ಎಂದು ಬರೆದಿಡಿ.

ಇನ್ನು ಆ ಫ್ಯಾನ್ ಹೀಟರ್. ಇಲ್ಲಿ ಕರೆಂಟಿನ ಒಂದು ಯೂನಿಟ್‌ಗೆ ಗ್ಯಾಸಿನ ಯೂನಿಟ್‌ನ ನಾಲ್ಕು ಪಟ್ಟಿನಷ್ಟು ಬೆಲೆ. ದರ ಮೂರು ತಿಂಗಳಿಗೊಮ್ಮೆ ಬದಲಾಗುವುದರಿಂದ ಲೆಕ್ಕಕ್ಕೆ ಸುಲಭವಾಗಲೆಂದು ಕರೆಂಟಿಗೆ 26 ಪೆನ್ಸ್, ಗ್ಯಾಸಿಗೆ 6 ಪೆನ್ಸ್ ಎಂದಿಟ್ಟುಕೊಳ್ಳೋಣ. ಎರಡು ಕಿಲೋವ್ಯಾಟಿನ ಹೀಟರನ್ನು ಸಂಜೆಯಿಂದ ಆರು ಗಂಟೆ ಹಚ್ಚಿಟ್ಟರೆ 12 ಯೂನಿಟ್, ಅಂದರೆ 3 ಪೌಂಡ್ 12 ಪೆನ್ಸ್. ಅಷ್ಟೇ ಶಾಖವನ್ನು ಒಂದು ಸುಮಾರಾದ ಗ್ಯಾಸ್ ಬಾಯ್ಲರಿನಿಂದ ಪಡೆಯಲು 13 ಯೂನಿಟ್ ಚಿಲ್ಲರೆ ಗ್ಯಾಸ್ ಸಾಕು, 80 ಪೆನ್ಸ್ ಆಗುತ್ತದೆ. ಎಣ್ಣೆ ತುಂಬಿದ ಹೀಟರ್ ಕಡಿಮೆ ಕರೆಂಟ್ ತಿನ್ನುತ್ತದೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಯಾವ ಹೀಟರಾದರೂ ಒಂದು ಯೂನಿಟ್ ಕರೆಂಟಿನಿಂದ ಕೊಡುವುದು ಒಂದು ಯೂನಿಟ್ ಶಾಖವನ್ನೇ. ನೀವು ಉಳಿತಾಯವೆಂದು ಹಿಡಿದ ದಾರಿಯೇ ದುಬಾರಿಯದು. ಗ್ಯಾಸ್ ಮೀಟರಿನ ಗಂಟನ್ನು ಬಿಡಿಸಿಕೊಂಡು, ಬಾಯ್ಲರಿನ ಬಿಸಿನೀರಿನಿಂದ ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಮರಳಿ.

‘ರೇಡಿಯೇಟರ್ ಹಾಕಿದರೆ ಇಡೀ ಮನೆ ಬಿಸಿಯಾಗಿ ದುಡ್ಡು ಪೋಲು’ ಎಂಬ ಅಳುಕು ಇರಬಹುದು. ಪ್ರತಿ ರೇಡಿಯೇಟರಿನ ಬದಿಯಲ್ಲಿ ಅಂಕಿ ಬರೆದ ತಿರುಗುಗುಂಡಿ ಇದ್ದರೆ ಮಗು ಇರುವ ಕೋಣೆಯನ್ನು 3ರ ಆಸುಪಾಸಿನಲ್ಲಿ, ಉಳಿದವನ್ನು 1 ಅಥವಾ 2ರಲ್ಲಿ ಇಡಿ. ಗೋಡೆ ಕಪ್ಪಾಗಿರುವ ಕೋಣೆಯದನ್ನು ಪೂರ್ತಿ ಮುಚ್ಚಬೇಡಿ. ತಣ್ಣಗಾದ ಗೋಡೆಯ ಮೇಲೆಯೇ ನೀರಾವಿ ಕೂರುವುದು. ಬಿಸಿನೀರಿಗೆ ಬೇರೆ ಟ್ಯಾಂಕ್ ಇಲ್ಲದ ಕಾಂಬಿ ಬಾಯ್ಲರ್ ನಿಮ್ಮದಾಗಿದ್ದರೆ ಅದರ ಮುಖದ ಮೇಲೆ ಎರಡು ಗುಂಡಿಗಳಿರುತ್ತವೆ, ಒಂದರ ಪಕ್ಕ ನಲ್ಲಿಯ ಚಿತ್ರ, ಇನ್ನೊಂದರ ಪಕ್ಕ ರೇಡಿಯೇಟರಿನ ಚಿತ್ರ. ರೇಡಿಯೇಟರಿನ ಗುಂಡಿಯನ್ನು 60 ಡಿಗ್ರಿಗೆ ಇಳಿಸಿ. ಬಹಳಷ್ಟು ಮನೆಗಳಲ್ಲಿ ಅದು 70, 80ರಲ್ಲಿ ನಿಂತಿರುತ್ತದೆ. ವಾಪಸ್ ಬರುವ ನೀರು ತುಸು ತಣ್ಣಗಿದ್ದರೆ ಬಾಯ್ಲರ್ ಹೊಗೆಯೊಂದಿಗೆ ಹೊರಹೋಗುವ ಶಾಖವನ್ನೂ ಹಿಡಿದುಕೊಳ್ಳುತ್ತದೆ, ಮನೆ ನಿಧಾನವಾಗಿ ಬೆಚ್ಚಗಾದರೂ ಗ್ಯಾಸ್ ಉಳಿಯುತ್ತದೆ. ಬಿಸಿನೀರಿನ ಟ್ಯಾಂಕ್ ಇರುವ ಮನೆಯಲ್ಲಿ ಮಾತ್ರ ಹೀಗೆ ಇಳಿಸಬೇಡಿ. ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟದಿದ್ದರೆ ರೋಗಾಣು ಬೆಳೆಯುವ ಅಪಾಯವಿದೆ.

ಮಗುವಿನ ವಿಷಯದಲ್ಲಿ ಕೊಂಚ ನಿಲ್ಲುತ್ತೇನೆ. ಮಗು ಮಲಗುವ ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸಾಕು ಎಂಬುದು ಇಲ್ಲಿನ ಆರೋಗ್ಯ ಸಲಹೆ. ನಮ್ಮ ಅಜ್ಜಿಯರ ಲೆಕ್ಕದಲ್ಲಿ ಅದು ತಂಪು ಎನಿಸಬಹುದು. ಊರಿನ ಅಭ್ಯಾಸದಂತೆ ಕುಲಾವಿ ಹಾಕಿ, ಕಂಬಳಿ ಸುತ್ತಿ, ಬಿಸಿನೀರಿನ ಚೀಲವನ್ನು ಪಕ್ಕದಲ್ಲಿಟ್ಟು ಮಲಗಿಸಬೇಡಿ. ಶಿಶುಗಳು ಹೆಚ್ಚಿನ ಶಾಖವನ್ನು ತಲೆಯಿಂದಲೇ ಹೊರಬಿಡುತ್ತವೆ. ಮೈ ಅತಿಯಾಗಿ ಬಿಸಿಯಾದರೆ ನಿದ್ದೆಯಲ್ಲೇ ಹಠಾತ್ ಸಾವಿನ ಅಪಾಯ ಹೆಚ್ಚು. ತೋಳಿಲ್ಲದ, ಚೀಲದಂತಹ ಬೇಬಿ ಸ್ಲೀಪಿಂಗ್ ಬ್ಯಾಗ್ ಸಿಗುತ್ತದೆ, ಬಳಸಿದ್ದು ಚಾರಿಟಿ ಅಂಗಡಿಗಳಲ್ಲಿ ಅಗ್ಗಕ್ಕೆ ಬರುತ್ತದೆ. ಮಗುವಿನ ಎದೆ ಅಥವಾ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ, ಅಂಗೈ ಅಂಗಾಲು ನೋಡಿ ತೀರ್ಮಾನಿಸಬೇಡಿ.

ಬಾಣಂತಿ ಕೋಣೆಗೆ ಕೆಂಡ ಇಡುವ, ಮಗುವಿಗೆ ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಾಕುವ ರೂಢಿ ನಮ್ಮ ಕಡೆ ಇದೆ. ಹೆಂಚಿನ ಮನೆಯ ಸಂದುಗೊಂದುಗಳಿಂದ ಗಾಳಿ ಆಡುತ್ತಿತ್ತು. ಇಲ್ಲಿ ಕಿಟಕಿಗಳು ಗಾಳಿಯಾಡದಂತೆ ಮುಚ್ಚಿಕೊಳ್ಳುತ್ತವೆ. ಇದ್ದಿಲು, ಕೆಂಡ, ಬಾರ್ಬೆಕ್ಯೂ ಯಾವುದನ್ನೂ ಒಳಗೆ ತರಬೇಡಿ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಬಾಯ್ಲರ್ ಇರುವ ಕೋಣೆಯಲ್ಲಿ ಅದನ್ನು ಪತ್ತೆಮಾಡುವ ಅಲಾರಂ ಹಾಕಿಸುವುದು 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಮಾಲೀಕರ ಹೊಣೆ. ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ ನೋಂದಣಿಯಿರುವ ತಂತ್ರಜ್ಞರಿಂದ ತಪಾಸಣೆ ಮಾಡಿಸಿ ಪ್ರಮಾಣಪತ್ರದ ಪ್ರತಿಯನ್ನು ನಿಮಗೆ ಕೊಡಬೇಕಾದದ್ದೂ ಅವರೇ. ಇವೆರಡೂ ನಿಮ್ಮಲ್ಲಿ ಇವೆಯೇ ನೋಡಿ.

ಗೋಡೆಯ ಬೂಷ್ಟಿಗೆ ಬರೋಣ. ಕಿಟಕಿ ತೆಗೆಯಿರಿ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅನ್ನ, ಸಾರು ಕುದಿಸುವಾಗ ಮುಚ್ಚಳ ಮುಚ್ಚಿ, ಅಡುಗೆಮನೆಯ ಫ್ಯಾನ್ ಹಾಕಿ, ಬಾಗಿಲು ಎಳೆದುಕೊಳ್ಳಿ. ಒದ್ದೆ ಬಟ್ಟೆಯನ್ನು ರೇಡಿಯೇಟರಿನ ಮೇಲೆ ಹರಡುವ ಬದಲು ಸ್ನಾನದ ಕೋಣೆಯಲ್ಲಿ ಸ್ಟ್ಯಾಂಡಿಗೆ ಹಾಕಿ, ಬಾಗಿಲು ಮುಚ್ಚಿ ಫ್ಯಾನ್ ಹಾಕಿಡಿ. ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಇಷ್ಟು ನಿಮ್ಮ ಕೈಯಲ್ಲಿದೆ. ಆದರೆ ಇಷ್ಟಕ್ಕೇ ಬಾಡಿಗೆದಾರರ ಬಾಯಿ ಮುಚ್ಚಿಸುವುದು ಇಲ್ಲಿನ ಕೆಲವು ಮಾಲೀಕರ ಹಳೆಯ ಚಾಳಿ. ರಾಚ್‌ಡೇಲ್ ಊರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಬೂಷ್ಟು ಹಿಡಿದ ಮನೆಯಲ್ಲಿ ಬೆಳೆದು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ತಂದೆ 2017ರಿಂದಲೇ ದೂರು ಹೇಳುತ್ತಿದ್ದರು, ಅವರಿಗೆ ಸಿಕ್ಕ ಉತ್ತರ ಬೂಷ್ಟಿನ ಮೇಲೆ ಬಣ್ಣ ಬಳಿಯಿರಿ ಎಂಬುದು. ಆ ಮನೆಯವರೂ ಹೊರದೇಶದಿಂದ ಬಂದವರು. ಮಗುವಿನ ಸಾವಿಗೆ ಬೂಷ್ಟೇ ಕಾರಣ ಎಂದು 2022ರ ನವೆಂಬರಿನಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ತೀರ್ಮಾನಿಸಿದರು. ಆ ಮಗುವಿನ ಹೆಸರಿನಲ್ಲಿ ಬಂದ ಕಾನೂನು 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿ ಮನೆಗಳಿಗೆ (ಕೌನ್ಸಿಲ್ ಮತ್ತು ವಸತಿ ಸಂಸ್ಥೆಗಳು ಬಾಡಿಗೆಗೆ ಕೊಡುವ ಮನೆಗಳಿಗೆ) ಜಾರಿಯಾಯಿತು.

ನಿಮ್ಮದು ಖಾಸಗಿ ಬಾಡಿಗೆ ಮನೆ. ಅದಕ್ಕೂ ಕಾನೂನಿನ ಬಲ ಕಡಿಮೆಯೇನಿಲ್ಲ. ಬಾಯ್ಲರ್, ರೇಡಿಯೇಟರ್ ರಿಪೇರಿ 1985ರ ಕಾಯ್ದೆಯಂತೆ ಮಾಲೀಕರ ಕೆಲಸ. ಮನೆ ವಾಸಕ್ಕೆ ಯೋಗ್ಯವಾಗಿರಬೇಕೆಂದು 2018ರ ಕಾಯ್ದೆ ಹೇಳುತ್ತದೆ. ಪ್ರತಿ ಬಾಡಿಗೆ ಮನೆಗೂ, ಅದು ಇಂಧನವನ್ನು ಎಷ್ಟು ಮಿತವಾಗಿ ಬಳಸುತ್ತದೆ ಎಂಬುದಕ್ಕೆ ಎ ಇಂದ ಜಿ ವರೆಗೆ ಅಕ್ಷರದ ದರ್ಜೆ ಕೊಡುವ ಇಪಿಸಿ ಪ್ರಮಾಣಪತ್ರವಿರುತ್ತದೆ. ಸರ್ಕಾರದ ಜಾಲತಾಣದಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ಉಚಿತವಾಗಿ ಕಾಣುತ್ತದೆ. ಎಫ್ ಅಥವಾ ಜಿ ಇದ್ದರೆ, ವಿನಾಯಿತಿ ನೋಂದಾಯಿಸಿಲ್ಲದ ಪಕ್ಷದಲ್ಲಿ, ಆ ಮನೆಯನ್ನು ಬಾಡಿಗೆಗೆ ಕೊಡುವಂತೆಯೇ ಇಲ್ಲ. ಈ ನಿಯಮ 2020ರ ಏಪ್ರಿಲ್‌ನಿಂದ ಎಲ್ಲ ಖಾಸಗಿ ಬಾಡಿಗೆಗಳಿಗೂ ಅನ್ವಯಿಸುತ್ತದೆ.

ಮಾಲೀಕರಿಗೆ ಬಾಯಿಮಾತಿನಲ್ಲಿ ಹೇಳಿದ್ದು ಸಾಲದು. ಗೋಡೆಯ ಫೋಟೋ, ಮಗುವಿನ ವಯಸ್ಸು, ಕೆಮ್ಮಿನ ವಿಷಯ, ಮೊದಲ ಬಾರಿ ಹೇಳಿದ ದಿನ ಎಲ್ಲವನ್ನೂ ಇಮೇಲಿನಲ್ಲಿ ಬರೆಯಿರಿ. ಮಗುವನ್ನು ಜಿಪಿಗೆ (ನಿಮ್ಮ ಕುಟುಂಬ ವೈದ್ಯರಿಗೆ) ತೋರಿಸಿ, ಮನೆಯಲ್ಲಿ ಬೂಷ್ಟಿದೆ ಎಂದು ಕಡತದಲ್ಲಿ ಬರೆಸಿ. ಎರಡು ವಾರದಲ್ಲಿ ಯಾರೂ ಬರದಿದ್ದರೆ ಲೆಸ್ಟರ್ ಕೌನ್ಸಿಲ್‌ನ ಖಾಸಗಿ ಬಾಡಿಗೆ ವಸತಿ ನೋಡಿಕೊಳ್ಳುವ ವಿಭಾಗಕ್ಕೆ ದೂರು ಕೊಡಿ. 2004ರ ವಸತಿ ಕಾಯ್ದೆಯಂತೆ ಅವರು ಬಂದು ನೋಡಬಹುದು, ತೇವ ಮತ್ತು ಬೂಷ್ಟಷ್ಟೇ ಅಲ್ಲ, ಮನೆ ಅತಿಯಾಗಿ ತಣ್ಣಗಿರುವುದನ್ನೂ ಅಪಾಯವೆಂದೇ ಎಣಿಸುತ್ತಾರೆ, ಮಾಲೀಕರಿಗೆ ನೋಟಿಸ್ ಕೊಡುತ್ತಾರೆ. ದೂರು ಕೊಟ್ಟರೆ ಮನೆ ಬಿಡಿಸುತ್ತಾರೆ ಎಂಬ ಹೆದರಿಕೆ ಸಹಜ. ಕಾರಣ ಕೊಡದೆ ಬಾಡಿಗೆದಾರರನ್ನು ತೆರವು ಮಾಡಿಸುವ ಸೆಕ್ಷನ್ 21 ನೋಟಿಸಿಗೆ 2025ರ ಬಾಡಿಗೆದಾರರ ಹಕ್ಕು ಕಾಯ್ದೆಯು 2026ರ ಮೇ 1ನ್ನು ಕೊನೆಯ ಗಡಿಯಾಗಿ ಇಟ್ಟಿದೆ. ಆ ನಂತರ ಮಾಲೀಕರು ಕಾನೂನು ಒಪ್ಪುವ ಕಾರಣವೊಂದನ್ನು ತೋರಿಸಲೇಬೇಕು. ಬೂಷ್ಟಿನ ಬಗ್ಗೆ ದೂರಿದರು ಎಂಬುದು ಆ ಕಾರಣಗಳಲ್ಲಿಲ್ಲ.

ಕೈಗೆ ಹಣ ಬೇಕಾದಾಗ ಎಲ್ಲಿ ಕೇಳುವುದು? ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಗೆ ಫೋನ್ ಮಾಡಿ, ಉಚಿತ ಸಂಖ್ಯೆ 0808 223 1133. ಪ್ರಿಪೇಮೆಂಟ್ ಮೀಟರಿನವರಿಗೆ ಫ್ಯುಯೆಲ್ ಬ್ಯಾಂಕ್ ಫೌಂಡೇಷನ್ ಎಂಬ ದತ್ತಿ ಸಂಸ್ಥೆ ವೋಚರ್ ಕೊಡುತ್ತದೆ. ನೇರವಾಗಿ ಕೇಳಲಾಗದು, ಫುಡ್ ಬ್ಯಾಂಕ್ ಅಥವಾ ಸಲಹಾ ಕೇಂದ್ರದ ಮೂಲಕ ಹೋಗಬೇಕು. ನಿಮ್ಮ ಗಂಡ ಆರೈಕೆ ಕ್ಷೇತ್ರದವರಾದ್ದರಿಂದ ಕೇರ್ ವರ್ಕರ್ಸ್ ಚಾರಿಟಿಯನ್ನು ತಪ್ಪದೆ ನೋಡಿ. ಈ ಕೆಲಸದವರು ಕಷ್ಟಕ್ಕೆ ಸಿಲುಕಿದಾಗ ಧನಸಹಾಯ ಕೊಡಲೆಂದೇ ಅದು ಇರುವುದು. ದೊಡ್ಡ ಕಂಪನಿಗಳಿಗೆ ತಮ್ಮದೇ ಕಷ್ಟಪರಿಹಾರ ನಿಧಿಗಳಿವೆ, ಸಾಲ ಸಲಹೆಗಾರರೊಬ್ಬರ ಪತ್ರವಿದ್ದರೆ ಅಲ್ಲಿ ಅರ್ಜಿಗೆ ತೂಕ ಬರುತ್ತದೆ. ಸಾಲ ಹಲವು ಕಡೆ ಆಗಿದ್ದರೆ ಅದೇ ಸಲಹೆಗಾರರ ಮೂಲಕ 60 ದಿನಗಳ ಬ್ರೀದಿಂಗ್ ಸ್ಪೇಸ್ ಪಡೆಯಬಹುದು, ಆ ಅವಧಿಯಲ್ಲಿ ಹಳೆಯ ಬಾಕಿಗೆ ಬಡ್ಡಿ ಬೆಳೆಯುವುದಿಲ್ಲ, ವಸೂಲಿಗೆ ಯಾರೂ ಬರುವಂತಿಲ್ಲ. ಕೌನ್ಸಿಲ್‌ನ ತುರ್ತು ನಿಧಿಯ ಹಾಳೆ ಯಾರಾದರೂ ಕೈಗಿಟ್ಟರೆ ಮಾತ್ರ ಸಹಿ ಹಾಕುವ ಮೊದಲು ನೋಂದಾಯಿತ ವಲಸೆ ಸಲಹೆಗಾರರನ್ನು ಕೇಳಿ, ಮೇಲೆ ಹೇಳಿದ ಪಟ್ಟಿಗೆ ಬರುವುದು ಅದೇ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಐಎಲ್‌ಆರ್ ಅಥವಾ ಬ್ರಿಟಿಷ್ ಪೌರತ್ವ ಇರುವವರಿಗೆ ಆ ಪಟ್ಟಿಯ ಬಾಗಿಲೂ ತೆರೆದಿದೆ. ಕಡಿಮೆ ಆದಾಯದ ಭತ್ಯೆ ಪಡೆಯುವವರ ಕರೆಂಟ್ ಬಿಲ್ಲಿನಲ್ಲಿ ಚಳಿಗಾಲಕ್ಕೊಮ್ಮೆ 150 ಪೌಂಡ್ ಕಡಿತ ಮಾಡುವ ವಾರ್ಮ್ ಹೋಮ್ ಡಿಸ್ಕೌಂಟ್ ಇದೆ. ಬಿಲ್ಲು ಭತ್ಯೆ ಪಡೆಯುವವರ ಅಥವಾ ಅವರ ಸಂಗಾತಿಯ ಹೆಸರಿನಲ್ಲಿರಬೇಕು, ಮಗನ ಹೆಸರಿನಲ್ಲಿದ್ದರೆ ತಪ್ಪಿಹೋಗುತ್ತದೆ. ಪಿಂಚಣಿ ವಯಸ್ಸು ದಾಟಿದವರಿಗೆ ವಿಂಟರ್ ಫ್ಯುಯೆಲ್ ಪೇಮೆಂಟ್ ಮನೆಗೆ 200 ಪೌಂಡ್, 80 ದಾಟಿದವರಿದ್ದರೆ 300; ವರ್ಷದ ಆದಾಯ 35,000 ಪೌಂಡ್ ಮೀರಿದವರಿಂದ ತೆರಿಗೆಯ ಮೂಲಕ ವಾಪಸ್ ಪಡೆಯುತ್ತಾರೆ. ಕೆಲವು ಭತ್ಯೆಗಳಿದ್ದವರಿಗೆ ಏಳು ದಿನ ಸತತವಾಗಿ ಸರಾಸರಿ ಉಷ್ಣಾಂಶ ಸೊನ್ನೆ ಅಥವಾ ಅದಕ್ಕಿಂತ ಕೆಳಗಿದ್ದರೆ 25 ಪೌಂಡ್ ತಾನಾಗಿ ಜಮೆಯಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಇವುಗಳ ಹೆಸರು, ನಿಯಮ ಬೇರೆ. ಗಂಡ ಹೆಂಡಿರಲ್ಲಿ ಒಬ್ಬರಿಗೆ ಐಎಲ್‌ಆರ್ ಇದ್ದು ಇನ್ನೊಬ್ಬರು ವೀಸಾದ ಮೇಲಿದ್ದರೆ ಸಲಹೆ ಪಡೆದೇ ಅರ್ಜಿ ಹಾಕಿ. ವೀಸಾದ ಮೇಲಿರುವವರ ಲೆಕ್ಕ ಸೇರಿಕೊಂಡು ಭತ್ಯೆ ಹೆಚ್ಚಾದರೆ ಅದು ಷರತ್ತು ಮೀರಿದಂತಾಗಬಹುದು.

ಕೊನೆಗೆ, ಕಂಪನಿ ಹಳೆಯ ಬಾಡಿಗೆದಾರರ ಸಾಲ ತೆಗೆಯಲು ಒಪ್ಪದಿದ್ದರೆ ಅಥವಾ ಮಗು ಇದೆ ಎಂದರೂ ಕ್ರೆಡಿಟ್ ಕೊಡದಿದ್ದರೆ ‘ಇದನ್ನು ದೂರು ಎಂದು ದಾಖಲಿಸಿ’ ಎಂದು ಹೇಳಿ, ದೂರಿನ ಸಂಖ್ಯೆ ತೆಗೆದುಕೊಳ್ಳಿ. ಎಂಟು ವಾರ ಕಳೆದರೂ ಬಗೆಹರಿಯದಿದ್ದರೆ ಇಂಥ ದೂರುಗಳನ್ನು ತೀರ್ಮಾನಿಸುವ ಎನರ್ಜಿ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಅವರ ತೀರ್ಪನ್ನು ನೀವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು. ಆದರೆ ಹತ್ತು ತಿಂಗಳ ಮಗುವಿರುವ ಮನೆಯಲ್ಲಿ ಗ್ಯಾಸ್ ನಿಂತಿದ್ದರೆ ಎಂಟು ವಾರ ಕಾಯಬೇಡಿ. ಅದೇ ದಿನ ಸಿಟಿಜನ್ಸ್ ಅಡ್ವೈಸ್‌ಗೆ ಹೇಳಿ. ಸರಬರಾಜು ನಿಂತ ಮನೆಗಳ ಪರವಾಗಿ ಕಂಪನಿಯೊಂದಿಗೆ ನೇರವಾಗಿ ಮಾತನಾಡಲು ಎಕ್ಸ್‌ಟ್ರಾ ಹೆಲ್ಪ್ ಯೂನಿಟ್ ಎಂಬ ತಂಡವಿದೆ, ಅವರು ನಿಮ್ಮ ಪ್ರಕರಣವನ್ನು ಅದಕ್ಕೆ ಒಪ್ಪಿಸುತ್ತಾರೆ.